ಎಂಜಿನ್ ನೋಡಿದೆ, ಆರ್‌ಸಿ ನೋಡಲಿಲ್ಲ: ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್ ಜೊತೆ ನಾಲ್ಕೂವರೆ ವರ್ಷ

2021ರ ಜನವರಿಯಲ್ಲಿ ಮಂಡ್ಯದ ಒಬ್ಬ ಮೇಷ್ಟ್ರ ಹತ್ತಿರ 2014ರ ಸ್ಪ್ಲೆಂಡರ್ ಪ್ಲಸ್ ಬೈಕ್ ಕೊಂಡೆ. ಅವರು ಹೇಳಿದ್ದು 36,000. ಚೌಕಾಸಿ ಮಾಡಿ 31,000ಕ್ಕೆ ಇಳಿಸಿದೆ. ನನ್ನ ಕೈಯಲ್ಲಿದ್ದದ್ದೇ 35,000, ಸಾಲ ಮಾಡುವ ಮನಸ್ಸಿರಲಿಲ್ಲ. ಮದ್ದೂರಿನಿಂದ ಮಂಡ್ಯಕ್ಕೆ ಕೆಲಸಕ್ಕೆ ಹೋಗಿ ಬರಬೇಕು, ದಿನಕ್ಕೆ ಸುಮಾರು 40 ಕಿಲೋಮೀಟರ್. ಆಗ ಮೀಟರ್ 41,000 ತೋರಿಸುತ್ತಿತ್ತು, ಈಗ 90,000 ದಾಟಿದೆ. ಸಿಸಿ ಎಷ್ಟು, ಪವರ್ ಎಷ್ಟು ಅಂತೆಲ್ಲ ಬರೆಯಲ್ಲ. ಸ್ಪ್ಲೆಂಡರ್ ಗೊತ್ತಿಲ್ಲದವರು ನಮ್ಮ ಕಡೆ ಯಾರಿದ್ದಾರೆ?

ಕೊಳ್ಳುವಾಗ ನಾನು ಭಾರಿ ಹುಷಾರು ಅಂದುಕೊಂಡಿದ್ದೆ. ಪರಿಚಯದ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋದೆ, 300 ರೂಪಾಯಿ ಕೊಟ್ಟೆ. ಅವನು ಗಾಡಿ ಸ್ಟಾರ್ಟ್ ಮಾಡುವ ಮೊದಲು ಸೈಲೆನ್ಸರ್ ಹತ್ತಿರ ಕೈ ಹಿಡಿದ. ಬಿಸಿ ಇತ್ತು. "ಸಾರ್, ನಾವು ಬರೋಕ್ ಮುಂಚೆ ಓಡ್ಸಿದ್ದೀರಾ? ನಾಳೆ ಬೆಳಿಗ್ಗೆ ಬರ್ತೀವಿ, ಮುಟ್ಟಬೇಡಿ" ಅಂದ. ತಣ್ಣಗಿದ್ದಾಗ ಎಷ್ಟು ಕಿಕ್‌ಗೆ ಎದ್ದೇಳುತ್ತೆ, ನೀಲಿ ಹೊಗೆ ಬರುತ್ತಾ, ಟೈಮಿಂಗ್ ಚೈನ್ ಕರಕರ ಅನ್ನುತ್ತಾ, ಇದೆಲ್ಲ ಆಗಲೇ ಗೊತ್ತಾಗೋದಂತೆ. ಮಾರನೇ ದಿನ ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ, ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿದ. ಮಧ್ಯಕ್ಕೆ ಬಂದಾಗ ಟಕ್ ಅಂತ ಕೂತರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗಿಸುವ ಬೇರಿಂಗ್) ಹೋಗಿದೆ ಅಂತ ಅರ್ಥ. ಇದು ಕೂರಲಿಲ್ಲ. ಮೀಟರ್ ತಿರುಗಿಸಿಲ್ಲ ಅನ್ನೋದನ್ನೂ ಬ್ರೇಕ್ ಪೆಡಲ್ ಮತ್ತು ಫುಟ್‌ರೆಸ್ಟ್ ರಬ್ಬರ್ ಸವೆದಿರುವುದು ನೋಡಿಯೇ ಹೇಳಿದ. ಟೈರ್ ಮೇಲೆ 1914 ಅಂತ ಇತ್ತು, ಅಂದರೆ 2014ರ 19ನೇ ವಾರ ತಯಾರಾದದ್ದು. ಗ್ರಿಪ್ ಚೆನ್ನಾಗಿದ್ದರೂ ಏಳು ವರ್ಷದ ರಬ್ಬರ್, ಗಟ್ಟಿಯಾಗಿರುತ್ತೆ. ಅದಕ್ಕೇ ನಾನು ಬೆಲೆ ಇಳಿಸಿದ್ದು.

ಎಂಜಿನ್ ವಿಷಯದಲ್ಲಿ ಅವನ ಮಾತು ಸುಳ್ಳಾಗಲಿಲ್ಲ. ಬೆಳಿಗ್ಗೆ ಏಳಕ್ಕೆ ಗಾಡಿ ಹೊರಗೆ ತಂದು, ಪೆಟ್ರೋಲ್ ಕಾಕ್ ಆನ್ ಮಾಡಿ, ಚೋಕ್ ಎಳೆದು, ಕೀ ಹಾಕದೆ ಎರಡು ಸಲ ಸುಮ್ನೆ ಕಿಕ್ ತುಳಿಯುತ್ತೇನೆ. ಆಮೇಲೆ ಕೀ. ಒಂದೇ ಕಿಕ್. ಅದು ಗುಡುಗುಡು ಅನ್ನುತ್ತಿರುವಾಗ ಹಳೇ ಬನಿಯನ್ ಬಟ್ಟೆಯಲ್ಲಿ ಸೀಟಿನ ಇಬ್ಬನಿ ಒರೆಸಿ, ಚೋಕ್ ಒಳಗೆ ತಳ್ಳುತ್ತೇನೆ. ಅಷ್ಟರಲ್ಲಿ ಹೆಂಡತಿ ಊಟದ ಡಬ್ಬಿ ತಂದು ಕೊಡುತ್ತಾಳೆ. ಸೆಲ್ಫ್ ಸ್ಟಾರ್ಟ್ ಇಲ್ಲ ಅಂತ ಒಂದು ದಿನವೂ ಬೇಜಾರಾಗಿಲ್ಲ.

2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡಲ್ಲ, ಸರ್ವೀಸ್ ರೋಡೇ ಗತಿ. ಕಬ್ಬಿನ ಟ್ರಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಧೂಳೋ ಧೂಳು. ಹಾಗಾಗಿ ಭಾನುವಾರ ಚೈನ್ ಒರೆಸಿ ಎಣ್ಣೆ ಬಿಡೋದು ತಪ್ಪಲ್ಲ. ಎರಡೂವರೆ ಸಾವಿರ ಕಿಲೋಮೀಟರಿಗೆ 900 ಎಂಎಲ್‌ನ ಒಂದು ಆಯಿಲ್ ಬಾಟ್ಲಿ. ಚೈನ್ ಸ್ಪ್ರಾಕೆಟ್ ಒಂದು ಸಲ, ಕ್ಲಚ್ ಪ್ಲೇಟ್ ಒಂದು ಸಲ ಬದಲಾಯಿಸಿದ್ದೇನೆ. ಟೈರ್ ಮಾತ್ರ ಕೊಂಡ ತಿಂಗಳೇ ಹಾಕಿಸಿದೆ. ಲೀಟರಿಗೆ 60 ಕೊಡುತ್ತೆ, ಸಾಕು.

ಇನ್ನು ನನ್ನ ಹೊಟ್ಟೆ ಉರಿಸಿದ ಕಥೆ.

ಇಷ್ಟೆಲ್ಲ ನೋಡಿದ ನಾನು ಗಾಡಿಯ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಬರೀ ನಂಬರ್ ಮತ್ತು ಹೆಸರು ನೋಡಿದೆ. ಅದರಲ್ಲೇ ಒಂದು ಫೈನಾನ್ಸ್ ಹೆಸರೂ ಇತ್ತು. ಮೇಷ್ಟ್ರು ಸಾಲ ತೀರಿಸಿ ಎಷ್ಟೋ ವರ್ಷ ಆಗಿತ್ತು, ಅದು ನಿಜ. ಆದರೆ ಆರ್‌ಟಿಓದಲ್ಲಿ ಆ ಹೆಸರು ತೆಗೆಸಿರಲಿಲ್ಲ. ಅದು ಹೋಗದೆ ಗಾಡಿ ನನ್ನ ಹೆಸರಿಗೆ ಆಗಲ್ಲ. ಹೆಸರು ಬದಲಾವಣೆಗೆ ಬೇಕಾದ ಫಾರಂ 29 ಎರಡು ಪ್ರತಿ, ಫಾರಂ 30, ಚಾಸಿ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್‌ನಲ್ಲಿ ಉಜ್ಜಿದ ಅಚ್ಚು, ಎಲ್ಲ ಹಿಡಿದುಕೊಂಡು ಹೋದವನು ಹಾಗೇ ವಾಪಸ್ ಬಂದೆ. ಫೈನಾನ್ಸ್ ಹೆಸರು ತೆಗೆಸುವ ಫಾರಂ 35 ಮತ್ತು ಫೈನಾನ್ಸ್‌ನವರ ಎನ್‌ಓಸಿ, ಅಂದರೆ ಸಾಲ ಬಾಕಿಯಿಲ್ಲ ಅನ್ನುವ ಪತ್ರ, ಬೇಕು ಅಂದರು. ಮೇಷ್ಟ್ರ ಬೀರುವಿನಲ್ಲಿ ಎನ್‌ಓಸಿ ಇತ್ತು. ಅದು 2017ರದ್ದು, ಅವಧಿ ಮುಗಿದಿದೆ, ಹೊಸದು ತನ್ನಿ ಅಂದರು. ಆ ಫೈನಾನ್ಸ್‌ನ ಮಂಡ್ಯದ ಶಾಖೆ ಅಷ್ಟೊತ್ತಿಗೆ ಮುಚ್ಚಿತ್ತು. ಮೈಸೂರಿಗೆ ಹೋಗಬೇಕು, ಸಾಲ ಪಡೆದವರೇ ಹೋಗಬೇಕು. ಮೇಷ್ಟ್ರು "ಮುಂದಿನ ವಾರ" ಅಂದರು. ಆಮೇಲೆ ಲಾಕ್‌ಡೌನ್ ಬಂತು. ಆಮೇಲೂ "ಮುಂದಿನ ವಾರ"ವೇ. ದುಡ್ಡು ಪೂರ್ತಿ ಕೊಟ್ಟಾಗಿತ್ತಲ್ಲ, ಅವರಿಗೇನು ಅರ್ಜೆಂಟ್? 5,000 ಹಿಡಿದುಕೊಂಡಿದ್ದರೆ ಒಂದೇ ವಾರದಲ್ಲಿ ಕೆಲಸ ಆಗುತ್ತಿತ್ತು.

ಈ ಏಳೆಂಟು ತಿಂಗಳು ಗಾಡಿ ಓಡಿಸುವಾಗ ಒಳಗೊಳಗೇ ಪುಕಪುಕ. ಇನ್ಶೂರೆನ್ಸ್ ಕೂಡ ಮೇಷ್ಟ್ರ ಹೆಸರಲ್ಲೇ. ಯಾರಿಗಾದರೂ ಗುದ್ದಿದರೆ ಮೇಷ್ಟ್ರೂ ಕೋರ್ಟಿಗೆ ಅಲೆಯಬೇಕು, ನಾನೂ ಅಲೆಯಬೇಕು.

ಕೊನೆಗೆ ನನ್ನನ್ನು ಕಾಪಾಡಿದ್ದು ನನ್ನದೇ ತಪ್ಪು. ಆಗಸ್ಟಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಮಂಡ್ಯ ಪೇಟೆಗೆ ಹೋಗಿದ್ದೆ. ಅವಳ ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ. ಯಾವನೋ ಪೊಲೀಸಪ್ಪ ಫೋಟೋ ತೆಗೆದಿದ್ದಾನೆ. 500 ರೂಪಾಯಿ ದಂಡದ ಮೆಸೇಜ್ ಹೋಗಿದ್ದು ಮೇಷ್ಟ್ರ ಮೊಬೈಲಿಗೆ!

"ಏನ್ ಸಾರ್ ಇದು, ಗಾಡಿ ನಿಮ್ದು, ದಂಡ ನಂದಾ?"

"ಅದನ್ನೇ ಅಲ್ವಾ ಮೇಷ್ಟ್ರೇ, ಜನವರಿಯಿಂದ ನಾನೂ ಹೇಳ್ತಿರೋದು."

ದಂಡ ನಾನೇ ಕಟ್ಟಿದೆ. ಅವರು ಆ ಶನಿವಾರವೇ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಸ್ ಹತ್ತಿ ಮೈಸೂರಿಗೆ ಹೋದರು. ಎನ್‌ಓಸಿ ಬಂದ ದಿನ ರಜೆ ಹಾಕಿ ಆರ್‌ಟಿಓ ಕ್ಯೂನಲ್ಲಿ ನನ್ನ ಜೊತೆ ಎರಡು ಗಂಟೆ ನಿಂತರು. ಅವರ ಮೇಲಿದ್ದ ಸಿಟ್ಟು ಅಲ್ಲೇ ಕರಗಿತು. ಕಾಗದದ ವಿಷಯದಲ್ಲಿ ಅವರೂ ನನ್ನ ಥರಾನೇ ಮುಗ್ಧರು. ಹೊರಗೆ ಬಂದು ಕಾಫಿ ಕುಡಿಯುವಾಗ ಟ್ಯಾಂಕ್ ಮೇಲೆ ಕೈ ಆಡಿಸುತ್ತಾ, "ಮಗಳು ಫಸ್ಟ್ ಪಿಯುಸಿಗೆ ಹೋಗಿದ್ದು ಇದರಲ್ಲೇ" ಅಂದರು. ಈಗಲೂ ಆಯುಧಪೂಜೆ ದಿನ ಗಾಡಿಯ ಫೋಟೋ ಕಳಿಸಿ ಅಂತ ಮೆಸೇಜ್ ಮಾಡುತ್ತಾರೆ.

ನನ್ನ ಸ್ಪ್ಲೆಂಡರ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕೊಂಡ ರೀತಿಗೆ ಎರಡು. 2029ಕ್ಕೆ ಹದಿನೈದು ವರ್ಷ ತುಂಬುತ್ತೆ, ಆಗ ಮತ್ತೆ ಆರ್‌ಟಿಓ ಮೆಟ್ಟಿಲು ಹತ್ತಿ ಆರ್‌ಸಿ ನವೀಕರಿಸಬೇಕು. ಅಲ್ಲಿಯವರೆಗೆ ಮಾರಲ್ಲ.

ಮೊನ್ನೆ ಭಾವಮೈದ 2018ರ ಒಂದು ಗಾಡಿ ನೋಡಿಕೊಂಡು ಬಂದ. "ಎಂಜಿನ್ ಸೂಪರ್ ಇದೆ ಭಾವ, ಅಡ್ವಾನ್ಸ್ ಕೊಟ್ಟುಬಿಡ್ಲಾ?" ಅಂದ. ಮೊದಲು ಆರ್‌ಸಿ ಫೋಟೋ ಕಳಿಸು ಅಂದೆ. ಇನ್ನೂ ಕಳಿಸಿಲ್ಲ.