ಆಕಾಶ ನೀಲಿ ಇದೆ ಅಂತ ಗ್ರೀಸ್‌ನಲ್ಲಿ ಬಾಡಿಗೆ ದೋಣಿ ಹತ್ತಬೇಡಿ

ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಕ್ಷೇಮ. ಭಾವಮೈದುನನ ಅಂಗೈಗೆ ಮೂರು ಹೊಲಿಗೆ, ನನ್ನ ಜೇಬಿಗೆ 950 ಯೂರೋ ಕತ್ತರಿ, ಅಷ್ಟೇ. ಆದರೂ ಇದನ್ನು ಬರೆಯುತ್ತಿದ್ದೇನೆ. ಯಾಕಂದ್ರೆ ಬೇಸಿಗೆ ರಜೆಗೆ ಗ್ರೀಸ್‌ಗೆ ಹೋಗುವ ನಮ್ಮವರು ಈಗ ಜಾಸ್ತಿ ಆಗಿದ್ದಾರೆ, ಎಲ್ಲರೂ ಕೇಳೋದು ಒಂದೇ: ಜನ ಇಲ್ಲದ ಬೀಚ್ ಯಾವುದು, ದೋಣಿ ನಾವೇ ಓಡಿಸಬಹುದಾ?

ಓಡಿಸಬಹುದು. ಅದೇ ತೊಂದರೆ. ಗ್ರೀಸ್‌ನಲ್ಲಿ 30 ಹಾರ್ಸ್‌ಪವರ್ ತನಕದ ಎಂಜಿನ್ ಇರುವ ದೋಣಿಗೆ ಲೈಸೆನ್ಸ್ ಬೇಡ. ಪಾಸ್‌ಪೋರ್ಟ್ ತೋರಿಸಿ, ಡೆಪಾಸಿಟ್ ಇಟ್ಟು, ಹತ್ತು ನಿಮಿಷ ಪಾಠ ಕೇಳಿದರೆ ಮುಗೀತು. ಸ್ಕೂಟಿ ಬಾಡಿಗೆಗೆ ತಗೊಳ್ಳೋದಕ್ಕಿಂತ ಸುಲಭ.

ನಾವು ಮ್ಯೂನಿಕ್‌ನಲ್ಲಿದ್ದೇವೆ. ಬವೇರಿಯಾದ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದೇ ಆಗಸ್ಟ್ ಹೊತ್ತಿಗೆ. ಹಾಗಾಗಿ ನಾನು, ಹೆಂಡತಿ, ಎಂಟು ವರ್ಷದ ಮಗಳು, ಊರಿಂದ ಬಂದಿದ್ದ ಹೆಂಡತಿಯ ತಮ್ಮ, ನಾಲ್ಕು ಜನ ಆಗಸ್ಟ್ ಎರಡನೇ ವಾರ ಮೀಲೋಸ್ ದ್ವೀಪಕ್ಕೆ ಹೋದೆವು. ಏಜಿಯನ್ ಸಮುದ್ರದ ಸಿಕ್ಲಡೀಸ್ ಗುಂಪಿನ ದ್ವೀಪ. ಜ್ವಾಲಾಮುಖಿಯಿಂದ ಆದದ್ದು. ಕೈ ಮುರಿದ ವೀನಸ್ ಪ್ರತಿಮೆ ಪ್ಯಾರಿಸ್‌ನಲ್ಲಿದೆಯಲ್ಲ, ಅದು 1820ರಲ್ಲಿ ಸಿಕ್ಕಿದ್ದು ಇಲ್ಲೇ. ಬಿಳಿ ಬಂಡೆ, ಕೆಂಪು ಬಂಡೆ, ಗಾಜಿನಂಥ ನೀರು. ಚಂದ ಅಂದ್ರೆ ಚಂದ, ಅದರಲ್ಲಿ ಎರಡು ಮಾತಿಲ್ಲ.

ಮೀಲೋಸ್‌ನ ಈಶಾನ್ಯ ತುದಿಯಲ್ಲಿ ಪೊಲೊನಿಯಾ ಅಂತ ಮೀನುಗಾರರ ಊರು. ಎದುರಿಗೇ ಕಿಮೊಲೊಸ್ ದ್ವೀಪ. ಅದರ ಪಕ್ಕ, ಇನ್ನೂ ಪೂರ್ವಕ್ಕೆ, ಪೊಲಿಯೆಗೊಸ್. ಮನುಷ್ಯರು ಯಾರೂ ವಾಸ ಇಲ್ಲ, ಹೆಸರಿನ ಅರ್ಥವೇ 'ಬಹಳ ಆಡುಗಳು' ಅಂತ. ಅದರ ದಕ್ಷಿಣದ ಅಂಚಿನಲ್ಲಿ ಬಿಳಿ ಬಂಡೆಗಳ ನಡುವೆ ಪುಟ್ಟ ಪುಟ್ಟ ಬೀಚ್‌ಗಳಿವೆ. ರಸ್ತೆ ಇಲ್ಲ, ಅಂಗಡಿ ಇಲ್ಲ. ಫೋಟೊ ನೋಡಿದ ದಿನವೇ ನಾನು ಅಲ್ಲಿಗೆ ಹೋಗೋದು ಅಂತ ನಿರ್ಧಾರ ಮಾಡಿಬಿಟ್ಟಿದ್ದೆ.

ಬಾಡಿಗೆ ಕೊಟ್ಟವರ ಹೆಸರು ಹೇಳುವುದಿಲ್ಲ. ದಿನಕ್ಕೆ 160 ಯೂರೋ, ಪೆಟ್ರೋಲ್ ಬೇರೆ, ಡೆಪಾಸಿಟ್ 500. ಐದು ಮೀಟರ್ ಉದ್ದದ ಫೈಬರ್ ದೋಣಿ, ಮೇಲೆ ಬಟ್ಟೆ ಚಪ್ಪರ. ಅಂಗಡಿಯಾತ ಮ್ಯಾಪ್ ಮೇಲೆ ಕಿಮೊಲೊಸ್‌ನ ದಕ್ಷಿಣ ದಡಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ, ಇಲ್ಲಿ ಓಕೆ ಅಂದ. ಪೊಲಿಯೆಗೊಸ್‌ಗೆ ಹೋಗಬಹುದಾ ಅಂತ ನಾನೇ ಕೇಳಿದೆ. ಭುಜ ಹಾರಿಸಿ, 'ಚೆನ್ನಾಗಿದ್ದರೆ ಹೋಗಿ, ನೀವೇ ನೋಡಿಕೊಳ್ಳಿ' ಅಂದ. ಆಮೇಲೆ ಹರಕು ಇಂಗ್ಲಿಷ್‌ನಲ್ಲಿ ಇನ್ನೊಂದು ಮಾತು ಸೇರಿಸಿದ: 'ಆಫ್ಟರ್‌ನೂನ್ ಫೋರ್, ಮೇಬಿ ಫೈವ್.'

ನಾನು ಏನು ತಿಳಿದುಕೊಂಡೆ ಗೊತ್ತಾ? ಗಾಳಿ ಬರೋದು ಸಂಜೆ ನಾಲ್ಕು, ಐದು ಗಂಟೆಗೆ ಅಂತ! ಓಹೋ, ಮೂರಕ್ಕೆ ಹೊರಟರೆ ಆರಾಮಾಗಿ ಬರಬಹುದು ಅಂದುಕೊಂಡೆ. ಆತ ಹೇಳಿದ್ದು ಗಂಟೆಯಲ್ಲ, ಬೊಫೋರ್. ಗ್ರೀಸ್‌ನಲ್ಲಿ ಗಾಳಿಯನ್ನು ಅಳೆಯೋದು ಬೊಫೋರ್ ಲೆಕ್ಕದಲ್ಲಿ. ಬೆಳಗ್ಗೆ ಕಾಫಿ ಕುಡಿಯುತ್ತಾ ಮುದುಕರು ಒಬ್ಬರನ್ನೊಬ್ಬರು ಕೇಳೋದೇ ಇವತ್ತು ಎಷ್ಟು ಬೊಫೋರ್ ಅಂತ. 4 ಅಂದ್ರೆ ಗಂಟೆಗೆ 20ರಿಂದ 28 ಕಿಲೋಮೀಟರ್ ಗಾಳಿ, 5 ಅಂದ್ರೆ 38ರ ತನಕ, 6 ಅಂದ್ರೆ 49ರ ತನಕ. ನಮ್ಮಂಥವರ ದೋಣಿಗೆ 4 ಅನ್ನುವುದೇ ಜಾಸ್ತಿ.

ಈ ಗಾಳಿಗೆ ಮೆಲ್ಟೆಮಿ ಅಂತಾರೆ. ಉತ್ತರದಿಂದ ಬೀಸುವ ಒಣ ಗಾಳಿ, ಜುಲೈ ಆಗಸ್ಟ್‌ನಲ್ಲಿ ಇದರದೇ ಕಾರುಬಾರು. ಬಾಲ್ಕನ್ ದೇಶಗಳ ಮೇಲೆ ಹೆಚ್ಚಿನ ಒತ್ತಡ, ಟರ್ಕಿ ಮೇಲೆ ಕಡಿಮೆ ಒತ್ತಡ, ನಡುವೆ ಏಜಿಯನ್ ಮೇಲೆ ಗಾಳಿ ನುಗ್ಗುತ್ತೆ. ತಮಾಷೆ ಅಂದ್ರೆ ಟರ್ಕಿ ಮೇಲಿನ ಆ ಕಡಿಮೆ ಒತ್ತಡ ನಮ್ಮ ಮುಂಗಾರಿನ ಕಡಿಮೆ ಒತ್ತಡದ್ದೇ ಬಾಲ. ಅಂದ್ರೆ ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ನಿಲ್ಲಿಸುವ ಮುಂಗಾರಿಗೂ ಇದಕ್ಕೂ ನೆಂಟಸ್ತಿಕೆ ಇದೆ. ಆದರೆ ಒಂದು ದೊಡ್ಡ ವ್ಯತ್ಯಾಸ: ಮೆಲ್ಟೆಮಿ ಬೀಸುವಾಗ ಮೋಡವೇ ಇರುವುದಿಲ್ಲ. ಆಕಾಶ ತೊಳೆದಿಟ್ಟ ಹಾಗೆ ಇರುತ್ತೆ.

ನನಗೆ ಪೆಟ್ಟು ಬಿದ್ದಿದ್ದು ಇಲ್ಲೇ. ನಾನು ಗಂಗೊಳ್ಳಿ ಕಡೆಯವನು. ದೋಣಿ ಓಡಿಸಿದವನಲ್ಲ, ಆದರೆ ಅಳಿವೆ, ಬೋಟು, ಜೂನ್ ಜುಲೈನ ಮೀನುಗಾರಿಕೆ ನಿಷೇಧ, ಇದೆಲ್ಲ ನೋಡುತ್ತಲೇ ಬೆಳೆದವನು. ಕಡಲು ಕೆಡೋದು ಅಂದ್ರೆ ಪಡುವಣದಲ್ಲಿ ಕಪ್ಪು ಮೋಡ ಕಟ್ಟಬೇಕು, ಮಳೆ ಹೊಡೀಬೇಕು, ಇದು ನನ್ನ ತಲೆಯಲ್ಲಿ ಕೂತಿತ್ತು. ಫೋನಿನಲ್ಲಿ ಹವಾಮಾನ ನೋಡಿದೆ. ದುಂಡಗಿನ ಹಳದಿ ಸೂರ್ಯ, 29 ಡಿಗ್ರಿ. ಹೆಂಡತಿ ಕೇಳಿದಳು, 'ಹೋಗಬಹುದಲ್ವಾ, ಏನೂ ಆಗಲ್ಲ ಅಲ್ವಾ?' 'ಕಡಲ ಊರಿನವನಿಗೆ ಹೇಳ್ತೀಯಾ' ಅಂದೆ. ಈ ಮಾತನ್ನು ಆಮೇಲೆ ಅವಳು ನನಗೆ ಎಷ್ಟು ಸಲ ವಾಪಸ್ ಕೊಟ್ಟಿದ್ದಾಳೋ ಲೆಕ್ಕ ಇಲ್ಲ.

ಬೆಳಗ್ಗೆ ಒಂಬತ್ತೂಕಾಲಿಗೆ ಹೊರಟೆವು. ಸಮುದ್ರ ತಟ್ಟೆಯ ಹಾಗಿತ್ತು. ಹತ್ತೂವರೆಗೆ ಪೊಲಿಯೆಗೊಸ್‌ನ ಒಂದು ಪುಟ್ಟ ಬೀಚ್ ಎದುರು ನಿಂತೆವು. ಇಡೀ ಬೀಚ್ ನಮ್ಮದೇ. ದ್ವೀಪದ ಗುಡ್ಡ ಉತ್ತರದ ಗಾಳಿಗೆ ಮರೆಯಾಗಿದ್ದರಿಂದ ನೀರು ಅಲುಗಾಡುತ್ತಲೇ ಇರಲಿಲ್ಲ. ಆಚೆ ದ್ವೀಪಗಳ ನಡುವಿನ ಕಡಲ ಕಾಲುವೆಯಲ್ಲಿ ಏನಾಗುತ್ತಿದೆ ಅಂತ ಮರೆಯಲ್ಲಿ ಕೂತವರಿಗೆ ಒಂದಿಷ್ಟೂ ಗೊತ್ತಾಗುವುದಿಲ್ಲ.

ಲಂಗರು ಹಾಕಿದ್ದು ನಾನೇ. ಆರು ಮೀಟರ್ ಆಳ, ಹತ್ತು ಮೀಟರ್ ಹಗ್ಗ ಬಿಟ್ಟೆ. ನೀರು ಎಷ್ಟು ತಿಳಿ ಅಂದ್ರೆ ತಳ ಕೈಗೆ ಸಿಗುವ ಹಾಗೆ ಕಾಣುತ್ತಿತ್ತು, ಸಾಕು ಅನ್ನಿಸಿತು. ಆಮೇಲೆ ಕೇಳಿ ತಿಳಿದದ್ದು: ಆಳದ ನಾಲ್ಕೈದು ಪಟ್ಟು ಹಗ್ಗ ಬಿಡಬೇಕು, ಆಗಲೇ ಲಂಗರು ಅಡ್ಡ ಎಳೆದು ಮರಳಿಗೆ ಕಚ್ಚೋದು. ನೆಟ್ಟಗೆ ಮೇಲಕ್ಕೆ ಎಳೆದರೆ ಕಿತ್ತುಕೊಂಡು ಬರುತ್ತೆ. ಜೊತೆಗೆ ನಾನು ಹಾಕಿದ್ದು ತಳದಲ್ಲಿ ಕಪ್ಪಗೆ ಕಾಣುವ ಜಾಗಕ್ಕೆ. ಅದು ಪೊಸಿಡೋನಿಯಾ ಅನ್ನುವ ಕಡಲ ಹುಲ್ಲು. ಅದರಲ್ಲಿ ಲಂಗರು ಹಿಡಿಯೋದೂ ಕಷ್ಟ, ಹುಲ್ಲೂ ಹಾಳು. ಬೆಳ್ಳಗೆ ಕಾಣುವ ಮರಳಿಗೇ ಹಾಕಬೇಕು.

ಎರಡು ಗಂಟೆ ಸ್ವರ್ಗ. ಈಜಿದೆವು, ಮಗಳು ಕಲ್ಲು ಆರಿಸಿದಳು. ಚಪಾತಿ ರೋಲ್ ತಿನ್ನೋಣ ಅಂತ ನೋಡಿದರೆ ಒಂದು ಆಡು ಚೀಲಕ್ಕೆ ಬಾಯಿ ಹಾಕಿ ಅರ್ಧ ಮುಗಿಸಿತ್ತು, ಅಲ್ಯೂಮಿನಿಯಂ ಫಾಯಿಲ್ ಸಮೇತ. ಅದನ್ನು ಓಡಿಸುತ್ತಾ ನಗುತ್ತಿದ್ದಾಗಲೇ ಗುಡ್ಡದ ಮೇಲಿಂದ ಒಂದು ಗಾಳಿ ಧೊಪ್ಪನೆ ಬಿತ್ತು. ಬೀಸಿದ್ದಲ್ಲ, ಬಿದ್ದಿದ್ದು. ಗುಡ್ಡ ದಾಟಿದ ಗಾಳಿ ಈಚೆ ಇಳಿಜಾರಿನಲ್ಲಿ ಹಾಗೇ ಹಠಾತ್ತಾಗಿ ಇಳಿಯುತ್ತೆ. ಟವಲ್ ಹಾರಿತು. ಒಂದು ನಿಮಿಷ ಪೂರ್ತಿ ಶಾಂತ. ಮತ್ತೆ ಇನ್ನೊಂದು.

'ಭಾವ, ದೋಣಿ ಹೋಗ್ತಾ ಇದೆ!'

ನಿಜವಾಗಿಯೂ ಹೋಗುತ್ತಿತ್ತು. ನಿಧಾನಕ್ಕೆ, ಹಿಂದೆ ಹಿಂದೆ, ಬಯಲು ಸಮುದ್ರದ ಕಡೆಗೆ. ನಮ್ಮ ಕುಡಿಯುವ ನೀರು, ಲೈಫ್ ಜಾಕೆಟ್ ಎಲ್ಲ ಅದರಲ್ಲೇ. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವಮೈದುನ ನೀರಿಗೆ ಹಾರಿದ್ದ. ಇದನ್ನು ಯಾರೂ ಮಾಡಬೇಡಿ. ಗಾಳಿಗೆ ಸಿಕ್ಕ ಖಾಲಿ ದೋಣಿ ಈಜುವವನಿಗಿಂತ ಜೋರಾಗಿ ಹೋಗುತ್ತೆ, ಬೆನ್ನಟ್ಟಿದವನಿಗೆ ತಾನು ಎಷ್ಟು ದೂರ ಬಂದೆ ಅಂತ ಗೊತ್ತಾಗೋದೇ ಇಲ್ಲ. ಅವನ ಪುಣ್ಯ, ದಡದಿಂದ ಅರವತ್ತು ಎಪ್ಪತ್ತು ಮೀಟರ್ ಆಚೆ ಲಂಗರು ಯಾವುದೋ ಬಂಡೆ ಸಂದಿಗೆ ಸಿಕ್ಕಿಕೊಂಡು ದೋಣಿ ನಿಂತಿತು. ಹತ್ತಿದ. ನಾನು ಉಸಿರು ಬಿಟ್ಟೆ.

ಆಮೇಲೆ ಅವನು ಅಲ್ಲಿಂದ ಕೈ ಬೀಸಿ ಏನೋ ಕೂಗತೊಡಗಿದ. ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ. ನನ್ನ ಮಣಿಕಟ್ಟು ನೋಡಿಕೊಂಡೆ. ಕೆಂಪು ಸುರುಳಿ ದಾರ, ತುದಿಯಲ್ಲಿ ಪ್ಲಾಸ್ಟಿಕ್ ಕ್ಲಿಪ್. ಓಡಿಸುವವನು ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲಲಿ ಅಂತ ಇರುವ ಕಿಲ್ ಸ್ವಿಚ್ ದಾರ. ಆ ಕ್ಲಿಪ್ ಇಲ್ಲದೆ ಎಂಜಿನ್ ಹತ್ತೋದಿಲ್ಲ. ಪಾಠದಲ್ಲಿ ಹೇಳಿದ್ದನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದು ಇದೊಂದನ್ನೇ, ಕೈಗೆ ಕಟ್ಟಿಕೊಂಡೇ ದಡಕ್ಕೆ ಬಂದಿದ್ದೆ! ಮಗಳು ಅಳುತ್ತಿದ್ದಳು. ಹೆಂಡತಿ ಏನೂ ಮಾತಾಡಲಿಲ್ಲ. ಆ ಮೌನ ಹೊತ್ತುಕೊಂಡೇ ನಾನೂ ಈಜಿದೆ.

ಅಲ್ಲಿ ಹೋದರೆ ಲಂಗರು ಬಂಡೆಯಿಂದ ಬರುತ್ತಿಲ್ಲ. ಎಳೆದು ಎಳೆದು ಅವನ ಅಂಗೈ ಹಗ್ಗಕ್ಕೆ ಸೀಳಿತು. ಕೊನೆಗೆ ಹಣ್ಣು ಕೊಯ್ಯುವ ಚಾಕುವಿನಲ್ಲಿ ಹಗ್ಗ ಕತ್ತರಿಸಿದೆವು. ದಡಕ್ಕೆ ತರುವಾಗ ಪ್ರೊಪೆಲ್ಲರ್ ಕಲ್ಲಿಗೆ ತಾಗಿ ಕರ್ ಅಂತು. ಮಗಳಿಗೆ ಲೈಫ್ ಜಾಕೆಟ್ ಹಾಕಲು ಹೋದರೆ ಅದರ ಬಕಲ್ ಮುರಿದಿತ್ತು. ಹೊರಡುವ ಮೊದಲು ನಾನು ಜಾಕೆಟ್ ಎಣಿಸಿದ್ದೆ, ಹಾಕಿ ನೋಡಿರಲಿಲ್ಲ. ಕೊಟ್ಟವನ ತಪ್ಪೂ ಹೌದು, ನನ್ನದೂ ಹೌದು. ಟವಲ್‌ನಿಂದ ಬಿಗಿದು ಕಟ್ಟಿದೆವು.

ಗುಡ್ಡದ ಮರೆಯಿಂದ ಹೊರಗೆ ತಿರುಗಿದ ಕ್ಷಣವೇ ಗೊತ್ತಾಯಿತು. ಕಾಲುವೆ ತುಂಬಾ ಬಿಳಿ ನೊರೆ. ದ್ವೀಪಗಳ ನಡುವಿನ ಇಕ್ಕಟ್ಟಿನಲ್ಲಿ ಗಾಳಿ ಇನ್ನೂ ಜೋರಾಗುತ್ತೆ, ನಾವು ಹೋಗಬೇಕಿದ್ದುದು ಆ ಗಾಳಿಗೆ ಎದುರಾಗಿಯೇ. ಬೆಳಗ್ಗೆ ತಣ್ಣಗೆ ಬಂದ ದಾರಿ ಇದೇನಾ ಅನ್ನಿಸಿತು. ದೋಣಿಯ ಮೂತಿ ಮೇಲೆದ್ದು ಪಟಾರ್ ಅಂತ ಬೀಳುತ್ತಿತ್ತು, ಪ್ರತಿ ಸಲ ಒಂದು ಬಕೆಟ್ ನೀರು ಒಳಗೆ. ಪೆಟ್ರೋಲ್ ಮುಳ್ಳು ಕಣ್ಣೆದುರೇ ಇಳಿಯುತ್ತಿತ್ತು. ತಲೆ ಮೇಲೆ ಅದೇ ನೀಲಿ ಆಕಾಶ, ಒಂದು ಚೂರು ಮೋಡ ಇಲ್ಲ. 'ಅಪ್ಪಾ, ಬೀಚ್‌ಗೇ ಹೋಗೋಣ' ಅಂದಳು ಮಗಳು. ಆ ದಿನ ನಮ್ಮಲ್ಲಿ ಬುದ್ಧಿ ಇದ್ದವಳು ಅವಳೊಬ್ಬಳೇ. ಎರಡು ಅಲೆಗಳ ನಡುವೆ ಹೇಗೋ ತಿರುಗಿಸಿಕೊಂಡು ವಾಪಸ್ ಬಂದೆವು. ಲಂಗರು ಇಲ್ಲವಲ್ಲ, ಉಳಿದ ಹಗ್ಗದಿಂದ ದೋಣಿಯನ್ನು ಬಂಡೆಗೆ ಕಟ್ಟಿದೆವು.

ಬೀಚ್‌ನಲ್ಲಿ ಸಿಗ್ನಲ್ ಇಲ್ಲ. ಜನ ಇಲ್ಲದ ಜಾಗ ಅಂತ ಹುಡುಕಿಕೊಂಡು ಹೋದದ್ದು ನಾವೇ ತಾನೆ. ಇಳಿಜಾರು ಹತ್ತಿ ಅರ್ಧಕ್ಕೆ ಹೋದ ಮೇಲೆ ಒಂದು ಕಡ್ಡಿ ಬಂತು. ಅಂಗಡಿಗೆ ಫೋನ್ ಮಾಡಿದೆ. 'ಐ ಟೋಲ್ಡ್ ಯು! ಫೋರ್, ಫೈವ್!' ಅಂತ ಕೂಗಿದ. ಆಗಲೇ ನನಗೆ ಅರ್ಥ ಆಗಿದ್ದು. ಅಲ್ಲೇ ಇರಿ, ಬರಬೇಡಿ, ನಾವು ಬರುತ್ತೇವೆ ಅಂದ. ಗ್ರೀಸ್‌ನ ಕರಾವಳಿ ಪಡೆಯ ನಂಬರ್ 108, ಯುರೋಪಿನಲ್ಲಿ ಎಲ್ಲಿಂದಲಾದರೂ 112. ನನಗೆ 112 ಗೊತ್ತಿತ್ತು, 108 ಗೊತ್ತಿರಲಿಲ್ಲ. ಎರಡನ್ನೂ ಫೋನಿನಲ್ಲಿ ಹಾಕಿಕೊಳ್ಳಿ, ದೋಣಿಯನ್ನು ಕಟ್ಟೆಯಿಂದ ಬಿಚ್ಚುವ ಮೊದಲು.

ಬಂದಿದ್ದು ಸಂಜೆ ಆರೂವರೆಗೆ, ದೊಡ್ಡ ರಬ್ಬರ್ ಬೋಟ್‌ನಲ್ಲಿ ಇಬ್ಬರು. ಐದು ಗಂಟೆ ಕಾಲ ನಾಲ್ವರಿಗೆ ಒಂದೂವರೆ ಲೀಟರ್ ನೀರು. ನೆರಳು ಅನ್ನೋದು ಬಂಡೆಯ ಬುಡದಲ್ಲಿ ಒಂದು ಮೊಳ, ಅದರಲ್ಲೂ ಆಡಿಗೆ ಪಾಲು. ಬಂದವರು ನಮ್ಮನ್ನು ಹತ್ತಿಸಿಕೊಂಡು ಸುಮ್ನೆ ಹಾರುವ ಹಾಗೆ ಕಾಲುವೆ ದಾಟಿದರು. ಅವರಿಗೆ ಅದು ದಿನದ ಕೆಲಸ.

ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಆಗಸ್ಟ್‌ನಲ್ಲಿ ಹೋಗುವವರು ಅಡಮಾಂಟಾಸ್ ಬಂದರಿನಿಂದ ಹೊರಡುವ, ಚಾಲಕ ಇರುವ ಬೋಟ್‌ನಲ್ಲಿ ಹೋಗಿ. ಉತ್ತರದ ಗಾಳಿ ಇದ್ದರೆ ಅವರು ದಕ್ಷಿಣದ ಮರೆಗೆ, ಕ್ಲೆಫ್ಟಿಕೊ ಬಂಡೆಗಳ ಕಡೆಗೆ ಕರೆದುಕೊಂಡು ಹೋಗುತ್ತಾರೆ, ತೀರಾ ಜೋರಿದ್ದರೆ ಹೊರಡುವುದೇ ಇಲ್ಲ. ಟ್ರಿಪ್ ರದ್ದಾಯಿತು ಅಂತ ಅವರ ಮೇಲೆ ರೇಗಬೇಡಿ. ನೀವೇ ಓಡಿಸಬೇಕು ಅಂತಿದ್ದರೆ ಸೂರ್ಯನ ಚಿತ್ರ ಬಿಟ್ಟು ಗಾಳಿಯ ನಕ್ಷೆ ನೋಡಿ, ಮಧ್ಯಾಹ್ನದ ಮೊದಲೇ ಕಟ್ಟೆಗೆ ಬನ್ನಿ. ಅಂಗಡಿಯವನು ಹೇಳಿದ ಅಂಕಿ ಏನು ಅಂತ ಎರಡು ಸಲ ಕೇಳಿ, ನಾಚಿಕೆ ಬೇಡ.

ಇನ್ನು ದುಡ್ಡು. ಬಾಡಿಗೆ 160, ಪೆಟ್ರೋಲ್ 60, ಎಳೆದು ತಂದದ್ದಕ್ಕೆ 350. ಡೆಪಾಸಿಟ್‌ನಲ್ಲಿ ಲಂಗರು, ಹಗ್ಗ, ಪ್ರೊಪೆಲ್ಲರ್ ಅಂತ 380 ಹಿಡಿದರು. ಲಂಗರು ಕಳೆದಿದ್ದು ನಾವು, ಒಪ್ಪಿದೆ. ಆದರೆ ಪ್ರೊಪೆಲ್ಲರ್‌ನ ಮೂರು ರೆಕ್ಕೆಗಳಲ್ಲೂ ಏಟಿದೆ, ಎರಡರಲ್ಲಿ ತುಕ್ಕಿನ ಬಣ್ಣದ ಹಳೇ ಗುರುತು. ನಾವು ತಾಗಿಸಿದ್ದು ಒಂದೇ ಸಲ. ಹೊರಡುವಾಗ ಎಂಜಿನ್ ಎತ್ತಿಸಿ ಒಂದು ಫೋಟೊ ತೆಗೆದಿದ್ದರೆ ವಾದ ಮಾಡಬಹುದಿತ್ತು, ತೆಗೆದಿರಲಿಲ್ಲ. ಅವರ ವಿಮೆ ನೀರಿನ ಕೆಳಗಿನ ಭಾಗಕ್ಕೆ ಇಲ್ಲ ಅಂತ ಒಪ್ಪಂದದ ಹಿಂದಿನ ಪುಟದಲ್ಲಿ ಸಣ್ಣಕ್ಷರದಲ್ಲಿತ್ತು. ನಾನು ಮಾಡಿಸಿದ್ದ ಪ್ರಯಾಣ ವಿಮೆ ಭಾವಮೈದುನನ ಹೊಲಿಗೆಗೆ ಕೊಟ್ಟಿತು, ನಾವೇ ಓಡಿಸಿದ ದೋಣಿಗೆ ಇಲ್ಲ ಅಂದಿತು. ಎಂಜಿನ್ ರಿಪೇರಿ ಬಿಲ್ ಕಳಿಸಿ ಅಂತ ಅಂಗಡಿಯವರಿಗೆ ಮೂರು ಮೇಲ್ ಹಾಕಿದ್ದೇನೆ. ಮೂರನೆಯದಕ್ಕೆ ಉತ್ತರ ಬಂತು: ಮುಂದಿನ ವರ್ಷ ಬುಕ್ ಮಾಡಿದರೆ ಹತ್ತು ಪರ್ಸೆಂಟ್ ರಿಯಾಯಿತಿ ಅಂತೆ.