ಒಂದೇ ಕಾಲು, ಎರಡು ಗಾಯ, ನಾಲ್ಕು ಬಗೆಯ ಪಟ್ಟಿ

ಕಳೆದ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಕಾಸರಗೋಡಿನ ಪೆರ್ಲದಿಂದ ಬದಿಯಡ್ಕಕ್ಕೆ ಬರುವಾಗ ಸ್ಕೂಟರ್ ಜಾರಿ, ಎಡಗಾಲು ಮುರಕಲ್ಲಿನ ಮೇಲೆ ಉಜ್ಜಿಹೋಯಿತು. ಕಣಕಾಲಿನಲ್ಲಿ ಅಂಗೈಯಗಲ ಚರ್ಮ ತರಚಿತು; ಹರಡಿನ (ಪಾದದ ಗಂಟಿನ) ಬಳಿ ಹೆಬ್ಬೆರಳು ಹೂಳುವಷ್ಟು ಕುಳಿ ಬಿತ್ತು. ಎಲುಬಿಗೆ ಪೆಟ್ಟಾಗಿರಲಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ವೈದ್ಯರು ಗಾಯ ತೊಳೆದು ಟಿಟಿ ಚುಚ್ಚಿ ಮನೆಗೆ ಕಳುಹಿಸಿದರು. ಮುಂದಿನ ಆರು ವಾರ ಪಟ್ಟಿ ಬದಲಾಯಿಸುವುದೇ ನನ್ನ ಕೆಲಸವಾಯಿತು.

ಮೊದಲ ವಾರ ಎರಡೂ ಗಾಯಕ್ಕೆ ಗಾಜ್ ಬಟ್ಟೆ, ಅಯೋಡಿನ್ ಮುಲಾಮು. ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಬಿಡಿಸುವ ಹೊತ್ತಿಗೆ ಜೀವ ಬಾಯಿಗೆ ಬರುತ್ತಿತ್ತು. ಗಾಯದಿಂದ ಒಸರುವ ರಸಿಕೆ ಒಣಗಿ ನೂಲಿಗೆ ಅಂಟುತ್ತದೆ. ಎಳೆದರೆ ಆಗಷ್ಟೇ ಹುಟ್ಟಿದ ಎಳೆಚರ್ಮವೂ ಕಿತ್ತು ಬರುತ್ತದೆ. ನೆಟ್ಟ ಅಡಿಕೆ ಸಸಿ ಬೇರು ಬಿಟ್ಟಿದೆಯೇ ಎಂದು ದಿನವೂ ಕಿತ್ತು ನೋಡಿದ ಹಾಗೆ.

ಅಮ್ಮ ತಮ್ಮ ವಾದ ಬಿಡಲಿಲ್ಲ. "ಕಟ್ಟಿಟ್ಟರೆ ಕೊಳೆಯುತ್ತದೆ ಮಗನೇ, ಗಾಳಿಗೆ ಬಿಡು, ಹಕ್ಕಳೆ ಕಟ್ಟಲಿ." ಊರೆಲ್ಲ ನಂಬಿರುವುದೂ ಇದನ್ನೇ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪರೀಕ್ಷಿಸಿ ತೋರಿಸಿದ್ದು ಇದಕ್ಕೆ ತದ್ವಿರುದ್ಧ: ತೇವ ಕಾಪಾಡಿದ ಗಾಯಕ್ಕೆ ಚರ್ಮ ಸುಮಾರು ಎರಡರಷ್ಟು ಬೇಗ ಹಬ್ಬುತ್ತದೆ. ಹಕ್ಕಳೆಯಿದ್ದರೆ ಹೊಸ ಜೀವಕೋಶಗಳು ಅದರ ಅಡಿಯಲ್ಲಿ ತೇವವಿರುವ ದಾರಿ ಹುಡುಕಿಕೊಂಡು ನುಸುಳಬೇಕು. ಅಮ್ಮನಿಗೆ ಹಂದಿಯ ಸಾಕ್ಷ್ಯ ಒಪ್ಪಿಗೆಯಾಗಲಿಲ್ಲ.

ಎರಡನೆಯ ವಾರ ಹೈಡ್ರೋಜೆಲ್. ನೋಡಲು ತಾಟಿನುಂಗಿನ ತಿರುಳಿನಂತೆ. ಹೆಚ್ಚಿನ ಪಾಲು ನೀರೇ, ಪಾಲಿಮರ್ ಬಲೆ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಕಣ್ಣಿನ ಮೃದು ಲೆನ್ಸ್ ಇದರ ಬಂಧು. ಜೆಕ್ ವಿಜ್ಞಾನಿ ಒಟ್ಟೊ ವಿಖ್ಟರ್ಲೆ 1961ರ ಕೊನೆಯಲ್ಲಿ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಯಂತ್ರ ಜೋಡಿಸಿ, ಮನೆಯಲ್ಲೇ ಆ ಲೆನ್ಸ್ ಮಾಡಿದ್ದರು. ಕಣಕಾಲಿಗೆ ಹಚ್ಚಿದ ಕೂಡಲೇ ಉರಿ ತಣಿಯಿತು. ಎರಡು ದಿನ ಬಿಟ್ಟು ಬಿಡಿಸಿದಾಗ ಪಟ್ಟಿ ತಾನಾಗಿ ಜಾರಿ ಬಂತು, ನೋವೇ ಇಲ್ಲ. ಟ್ಯೂಬಿನ ದುಡ್ಡಿಗೆ ತಿಂಗಳಿಡೀ ಸಾಕಾಗುವ ಗಾಜ್ ಬರುತ್ತಿತ್ತು, ಆದರೂ ಕೊರಗಲಿಲ್ಲ.

ಉತ್ಸಾಹದಲ್ಲಿ ಹರಡಿನ ಕುಳಿಗೂ ಅದನ್ನೇ ತುಂಬಿದ್ದು ನನ್ನ ಪೆದ್ದುತನ. ಮೊದಲೇ ರಸಿಕೆ ಸೋರುತ್ತಿದ್ದ ಗಾಯ. ಮೂರನೆಯ ದಿನ ಅಂಚಿನ ಚರ್ಮ ರಾತ್ರಿಯಿಡೀ ನೀರಲ್ಲಿ ನೆನೆದ ಬೆರಳಿನಂತೆ ಬೆಳ್ಳಗೆ ಸುಕ್ಕುಗಟ್ಟಿತ್ತು. "ಮಳೆ ಬರುವಾಗ ಗದ್ದೆಗೆ ಪಂಪ್ ಬಿಡುತ್ತೀರಾ?" ಎಂದು ಸಿಸ್ಟರ್ ಗದರಿದರು.

ಅವರು ಹೇಳಿದ್ದು ಆಲ್ಜಿನೇಟ್. ನಮ್ಮ ಪೇಟೆಯ ಮೆಡಿಕಲ್‌ಗಳಲ್ಲಿ ಇರಲಿಲ್ಲ, ಮಂಗಳೂರಿಗೆ ಹೋಗುವ ಭಾವನ ಕೈಯಲ್ಲಿ ತರಿಸಿದೆ. ಕಂದು ಕಡಲಪಾಚಿಯಿಂದ ತೆಗೆದ, ಹತ್ತಿಯಂಥ ಒಣ ನಾರು. ಅದರ ಕ್ಯಾಲ್ಸಿಯಂ ರಸಿಕೆಯಲ್ಲಿರುವ ಸೋಡಿಯಂಗೆ ಜಾಗ ಬಿಟ್ಟುಕೊಟ್ಟಂತೆ ನಾರು ಉಬ್ಬಿ ಜೆಲ್ ಆಗುತ್ತದೆ. ಅಂದರೆ ಇದೂ ಜೆಲ್ಲೇ, ಆದರೆ ನೀರನ್ನು ತರುವುದಿಲ್ಲ, ಹೀರಿಕೊಳ್ಳುತ್ತದೆ. ನಾಲ್ಕೇ ದಿನಕ್ಕೆ ಕುಳಿಯ ತಳ ಕೆಂಪಗೆ ಹರಳುಹರಳಾಗಿ ಏಳತೊಡಗಿತು. ಇದೇ ಒಣ ನಾರನ್ನು ಕಣಕಾಲಿಗೂ ಹಾಕಿ ನೋಡಿದೆ: ರಸಿಕೆ ಸಾಲದೆ ಗಾಜ್‌ನಂತೆಯೇ ಕಚ್ಚಿಕೊಂಡಿತು.

ನಾಲ್ಕನೆಯ ಬಗೆ, ರಸಿಕೆ ಹೀರಿ ತಾನೇ ಜೆಲ್ ಆಗುವ ಹೈಡ್ರೋಕೊಲಾಯ್ಡ್ ಅಂಟುಪಟ್ಟಿಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಬಿಡಿಸಿದಾಗ ಅಡಿಯಲ್ಲಿ ಹಳದಿ ಲೋಳೆ, ಕೆಟ್ಟ ವಾಸನೆ. ಕೀವೆಂದು ಹೆದರಿದೆ, ಅದು ಪಟ್ಟಿಯೇ ಕರಗಿದ್ದು. ಆಟಿಯ ಥಂಡಿಗೆ ಅಂಚು ಸುರುಟಿ ಲುಂಗಿಗೆ ಅಂಟುತ್ತಿತ್ತು. ಬೇಸಗೆಯಲ್ಲಾದರೆ ಮತ್ತೊಮ್ಮೆ ನೋಡಿಯೇನು.

ಹೀಗಾಗಿ ನನ್ನ ಆಯ್ಕೆ ಒಂದಲ್ಲ: ಒಣ ತರಚುಗಾಯಕ್ಕೆ ಹೈಡ್ರೋಜೆಲ್, ಸೋರುವ ಕುಳಿಗೆ ಆಲ್ಜಿನೇಟ್, ಗಾಜ್ ಏನಿದ್ದರೂ ಇವೆರಡರ ಮೇಲಿನ ಹೊದಿಕೆಗೆ.

ಕಣಕಾಲಿನ ಚರ್ಮ ಈಗ ಸ್ವಲ್ಪ ಮಾಸಲು, ಅಷ್ಟೇ. ಹರಡಿನ ಗಾಯ ಮುಚ್ಚಿದರೂ ಕುಳಿ ಪೂರ್ತಿ ತುಂಬಲಿಲ್ಲ. ಅಡಿಯಲ್ಲಿ ಕಳೆದುಹೋದ ಕೊಬ್ಬನ್ನು ಮತ್ತೆ ಬೆಳೆಸುವ ಶಕ್ತಿ ಅಂಗಡಿಯ ಈ ಪಟ್ಟಿಗಳಿಗಿಲ್ಲ. ನಮ್ಮ ಚರ್ಮದಲ್ಲೇ ಇರುವ ಕೊಲಾಜೆನ್, ಹಯಲುರೋನಿಕ್ ಆಮ್ಲದ ಜೆಲ್‌ಗಳೊಳಗೆ ಜೀವಕೋಶ ಕೂರಿಸಿ ಪ್ರಯೋಗಶಾಲೆಗಳಲ್ಲಿ ಹೆಣಗುತ್ತಿರುವುದು ಅದಕ್ಕಾಗಿಯೇ. ಚಪ್ಪಲಿಯ ಪಟ್ಟಿ ಸರಿಯಾಗಿ ಆ ತಗ್ಗಿನಲ್ಲೇ ಕೂರುತ್ತದೆ.