ಡ್ಯಾಶ್‌ಬೋರ್ಡಿನ ಡಬ್ಬಿ ಹೇಳಿದ ಅಶ್ವಶಕ್ತಿಯನ್ನು ನಂಬಿ ಬಾನೆಟ್ ತೆರೆಯಬೇಡಿ

ನನ್ನ ಕಾರಿನಿಂದ 21 ಕುದುರೆಗಳು ತಪ್ಪಿಸಿಕೊಂಡಿವೆ ಎಂದು ನಂಬಿ ಮೂರು ತಿಂಗಳು ಅವುಗಳನ್ನು ಹುಡುಕಿದೆ. ಸ್ಪಾರ್ಕ್ ಪ್ಲಗ್ ಬದಲಾಯಿಸಿದೆ. ಏರ್ ಫಿಲ್ಟರ್ ಬದಲಾಯಿಸಿದೆ. ಇಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಹೊಸದು ಹಾಕಿಸಿದೆ. ಕೊನೆಗೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರಬೇಕು ಎಂದು ಅದನ್ನೂ ಕೀಳಿಸಿದೆ. ಬಿಚ್ಚಿ ತೆಗೆದ ಒಂದೊಂದು ಭಾಗವೂ ಗಟ್ಟಿಮುಟ್ಟಾಗಿತ್ತು. ಕುದುರೆಗಳು ಎಲ್ಲಿಗೂ ಹೋಗಿರಲಿಲ್ಲ. ಹೋಗಿವೆ ಎಂದು ಹೇಳಿದ್ದು ಗಾಜಿಗೆ ಅಂಟಿಸಿದ್ದ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಡಬ್ಬಿ.

ಕಾರಿನ ವೇಗ ಎಷ್ಟು ಬೇಗ ಏರುತ್ತದೆ ಎಂದು ಅಳೆಯುವ ಸೆನ್ಸರ್, ಅಂದರೆ ಆಕ್ಸಿಲರೋಮೀಟರ್, ಬಳಸಿ ಅಶ್ವಶಕ್ತಿ ಲೆಕ್ಕ ಹಾಕುವ ಇಂಥ ಸಾಧನಗಳನ್ನು ಕೊಳ್ಳಬೇಕೆಂದಿರುವವರಿಗಾಗಿ, ಈಗಾಗಲೇ ಕೊಂಡು ಅದು ತೋರಿಸುವ ಅಂಕಿ ನೋಡಿ ನಿದ್ದೆಗೆಟ್ಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ಕಂಪನಿಯದು ಎಂದು ಹೇಳುವುದಿಲ್ಲ. ತಪ್ಪಿನಲ್ಲಿ ಮುಕ್ಕಾಲು ಪಾಲು ನನ್ನದೇ.

ಮೊದಲ ಓಟದ ದಿನ ನಾನೊಬ್ಬನೇ ಇದ್ದೆ. ಬೆಳಗಿನ ತಂಪು ಹೊತ್ತು, ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್, ಮುಂದೆ ನೇರವಾದ ಖಾಲಿ ರಸ್ತೆ. ಕಾರಿನ ತೂಕ ಎಷ್ಟು ಎಂದು ಡಬ್ಬಿ ಕೇಳಿತು. ಕೈಪಿಡಿಯಲ್ಲಿದ್ದ 1240 ಕಿಲೋಗೆ ನನ್ನ 70 ಕಿಲೋ ಸೇರಿಸಿ 1310 ಎಂದು ಕೊಟ್ಟೆ. ನಿಂತಲ್ಲೇ ಸೊನ್ನೆ ಮಾಡಲು ಹೇಳಿತು, ಗುಂಡಿ ಒತ್ತಿದೆ. ಎರಡನೆಯ ಗೇರಿನ ಕೊನೆಯವರೆಗೂ ಪೆಡಲ್ ಪೂರ್ತಿ ತುಳಿದೆ. ಪರದೆಯ ಮೇಲೆ ಬಂದದ್ದು 112. ತಯಾರಕರು ಇಂಜಿನ್ನಿಗೆ 120 ಎಂದು ಹೇಳಿದ್ದರು. ಗೇರ್‌ಬಾಕ್ಸ್, ಆಕ್ಸಲ್‌ಗಳಲ್ಲಿ ಸ್ವಲ್ಪ ಸೋರಿಹೋಗಿ ಚಕ್ರಕ್ಕೆ 112 ಮುಟ್ಟುತ್ತಿದೆಯೆಂದರೆ ಭಲೇ ಎಂದುಕೊಂಡೆ. ಆ ಅಂಕಿಯನ್ನು ಪುಸ್ತಕದಲ್ಲಿ ಬರೆದಿಟ್ಟೆ. ಮುಂದಿನ ಎಲ್ಲ ಅನರ್ಥಕ್ಕೂ ಆ ಪುಸ್ತಕವೇ ಮೂಲ.

ಎಂಟು ತಿಂಗಳ ನಂತರ, ಒಂದು ಬಿರುಬಿಸಿಲಿನ ಮಧ್ಯಾಹ್ನ, ಅಂಕಿಗಳನ್ನು ಬರೆದುಕೊಳ್ಳಲೆಂದು ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ರಸ್ತೆಗೆ ಹೋದೆ. ಆ ದಿನ ಎದುರು ದಿಕ್ಕಿನಿಂದ ಬಂದಿದ್ದರಿಂದ ಆ ಕಡೆಯಿಂದಲೇ ಓಡಿಸಿದೆ. ಡಬ್ಬಿ 91 ಎಂದಿತು. ಮತ್ತೆ ಓಡಿಸಿದೆ, 90. ಇನ್ನೊಮ್ಮೆ, 91. ಮೂರು ಸಲವೂ ಹೆಚ್ಚುಕಡಿಮೆ ಒಂದೇ ಅಂಕಿ ಬಂದದ್ದೇ ನನ್ನನ್ನು ಕೆಡಿಸಿತು. ಪದೇ ಪದೇ ಒಂದೇ ಉತ್ತರ ಕೊಡುವುದು ಬೇರೆ, ಸರಿಯಾದ ಉತ್ತರ ಕೊಡುವುದು ಬೇರೆ ಎಂಬುದು ಆಗ ಹೊಳೆಯಲಿಲ್ಲ. ವಿಚಿತ್ರವೆಂದರೆ ಅದಾದ ಮೇಲೆ ಪಿಕಪ್ ಕಡಿಮೆಯಾಗಿದೆ ಎಂದು ನನ್ನ ಕಾಲಿಗೇ ಅನಿಸತೊಡಗಿತು.

ಕನ್ವರ್ಟರ್ ಬದಲಿಸಿದ ಮೇಲಂತೂ ಡಬ್ಬಿ ನನ್ನನ್ನು ಪೂರ್ತಿ ಬಲೆಗೆ ಬೀಳಿಸಿತು. ಗೆಳೆಯ ಊರಲ್ಲಿರಲಿಲ್ಲ, ಬೆಳಗ್ಗೆ ಒಬ್ಬನೇ ಹೋಗಿ ಅಳೆದೆ: 109. ಸಿಕ್ಕಿತು ಎಂದು ಕುಣಿದಾಡಿದೆ. ಮರುವಾರ ಗೆಳೆಯನಿಗೆ ತೋರಿಸಲು ಮಧ್ಯಾಹ್ನ ಹೋದರೆ ಮತ್ತೆ 92. ಆಗಲೂ ನಾನು ಅನುಮಾನಪಟ್ಟದ್ದು ಹೊಸ ಕನ್ವರ್ಟರನ್ನೇ.

ಕೊನೆಗೆ ನನ್ನನ್ನು ನಿಲ್ಲಿಸಿದವರು ಒಬ್ಬ ಹಿರಿಯ ಮೆಕ್ಯಾನಿಕ್. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಪರೀಕ್ಷಿಸಿ, ಗೇಜನ್ನು ಒರೆಸಿ ಪೆಟ್ಟಿಗೆಗೆ ಹಾಕುತ್ತಾ, “ಇಂಜಿನ್ನಿಗೆ ಏನೂ ಆಗಿಲ್ಲ ಸರ್. ಇನ್ನೂ ಅನುಮಾನವಿದ್ದರೆ ಡೈನೋ ಮೇಲೆ ಹತ್ತಿಸಿ, ನನ್ನ ಹತ್ತಿರ ಇನ್ನೇನನ್ನೂ ಬಿಚ್ಚಿಸಬೇಡಿ” ಎಂದರು. ದುಡಿಮೆ ತಾನಾಗಿ ಬಾಗಿಲಿಗೆ ಬಂದರೂ ಬೇಡವೆಂದ ಮನುಷ್ಯ. ಡೈನೋ ಎಂದರೆ ಚಕ್ರಗಳನ್ನು ರೋಲರುಗಳ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ. ಅದರ ಮೇಲೆ ಮೂರು ಓಟಕ್ಕೆ 101, 102, 101 ಬಂತು. 120ರ ಇಂಜಿನ್ನಿಗೆ ಚಕ್ರದ ಬಳಿ ಅಷ್ಟು ಸಿಕ್ಕರೆ ಚಿಂತಿಸಬೇಕಾದದ್ದು ಏನೂ ಇಲ್ಲ. ಅಂದರೆ ಡಬ್ಬಿಯ 112 ಎಷ್ಟು ಸುಳ್ಳೋ 91 ಕೂಡ ಅಷ್ಟೇ ಸುಳ್ಳು.

ಅವಮಾನ ಆರಿದ ಮೇಲೆ ಕಾಗದ ಹಿಡಿದು ಕುಳಿತೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸ.

ಈ ಡಬ್ಬಿಗೆ ಇಂಜಿನ್ ಎಂಬುದೊಂದು ಇದೆಯೆಂದೇ ಗೊತ್ತಿಲ್ಲ. ತನ್ನನ್ನು ಹಿಂದಿನಿಂದ ಎಷ್ಟು ಬಲವಾಗಿ ನೂಕಲಾಗುತ್ತಿದೆ ಎಂಬುದೊಂದೇ ಅದಕ್ಕೆ ತಿಳಿಯುವ ಸಂಗತಿ. ಆ ನೂಕಿನಿಂದ ವೇಗ ಏರುವ ದರವೇ ವೇಗೋತ್ಕರ್ಷ. ಅದನ್ನು ನಾವು ಕೊಟ್ಟ ತೂಕದಿಂದ ಗುಣಿಸಿದರೆ ಬಲ. ಅದೇ ವೇಗೋತ್ಕರ್ಷವನ್ನು ಕ್ಷಣಕ್ಷಣಕ್ಕೂ ಕೂಡುತ್ತಾ ಹೋದರೆ ವೇಗ. ಬಲವನ್ನು ವೇಗದಿಂದ ಗುಣಿಸಿ 735.5 ವಾಟಿಗೊಂದು ಕುದುರೆಯಂತೆ ಭಾಗಿಸಿದರೆ ಪರದೆಯ ಮೇಲಿನ ಅಂಕಿ. 75 ಕಿಲೋ ಭಾರವನ್ನು ಸೆಕೆಂಡಿಗೆ ಒಂದು ಮೀಟರ್ ಎತ್ತುವುದೇ ಈ ಮೆಟ್ರಿಕ್ ಕುದುರೆ. ಬ್ರಿಟಿಷ್ ಕುದುರೆ 745.7 ವಾಟಿನದು, ತುಸು ದಪ್ಪ. ಒಂದೇ ಕಾರು ಒಂದರಲ್ಲಿ 120, ಇನ್ನೊಂದರಲ್ಲಿ 118. ಡಬ್ಬಿಯ ಸೆಟ್ಟಿಂಗಿನಲ್ಲಿ ಯಾವುದಿದೆ ಎಂದು ನೋಡದವರು ಅಲ್ಲೇ ಎರಡು ಕುದುರೆ ಕಳೆದುಕೊಳ್ಳುತ್ತಾರೆ.

ತೂಕದ ವಿಷಯ ನೇರವಾದದ್ದು. ತೂಕದಲ್ಲಿ ಶೇಕಡಾ ಎಷ್ಟು ತಪ್ಪೋ ಶಕ್ತಿಯಲ್ಲೂ ಅಷ್ಟೇ ತಪ್ಪು. ಎರಡನೆಯ ದಿನ ಗೆಳೆಯನ 78 ಕಿಲೋ, ತುಂಬಿಸಿದ್ದ ಟ್ಯಾಂಕಿನ 30 ಕಿಲೋದಷ್ಟು ಹೆಚ್ಚುವರಿ ಪೆಟ್ರೋಲ್, ಡಿಕ್ಕಿಯಲ್ಲಿ ಮರೆತಿದ್ದ ಉಪಕರಣಗಳ 20 ಕಿಲೋ ಸೇರಿ 128 ಕಿಲೋ ಜಾಸ್ತಿಯಿತ್ತು. ನಾನು ಮಾತ್ರ ಹಳೆಯ 1310 ಅನ್ನೇ ಉಳಿಸಿದ್ದೆ. ಕಾರು 1438 ಕಿಲೋ ಎಳೆಯಿತು, ಡಬ್ಬಿ 1310ಕ್ಕೆ ಮಾತ್ರ ಕೂಲಿ ಲೆಕ್ಕ ಹಾಕಿತು. ಸುಮಾರು ಒಂಬತ್ತು ಕುದುರೆ ಇಲ್ಲೇ ಸಿಕ್ಕವು. ಕೈಪಿಡಿಯ ತೂಕದಲ್ಲೂ ಮೋಸವಿದೆ: ಕೆಲವು ಪದ್ಧತಿಗಳಲ್ಲಿ ಚಾಲಕನಿಗೆಂದು 75 ಕಿಲೋ ಮೊದಲೇ ಸೇರಿರುತ್ತದೆ, ಕೆಲವುಗಳಲ್ಲಿ ಸೇರಿರುವುದಿಲ್ಲ. ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ಬರುವುದೇ ವಾಸಿ.

ಇನ್ನು ರಸ್ತೆ. ಸಮತಟ್ಟಾಗಿದೆ ಎಂದು ನಾನು ಆಣೆ ಮಾಡಿ ಹೇಳುತ್ತಿದ್ದೆ. ಎರಡು ಮೀಟರ್ ಉದ್ದದ ನೇರ ಪಟ್ಟಿಯನ್ನು ನೆಲಕ್ಕಿಟ್ಟು ಮೇಲೆ ರಸಮಟ್ಟ ಇರಿಸಿದರೆ ಗುಳ್ಳೆ ನಡುವೆ ನಿಲ್ಲಲು ಒಂದು ತುದಿಯನ್ನು 16 ಮಿಲಿಮೀಟರ್ ಎತ್ತಬೇಕಾಯಿತು. ನೂರಕ್ಕೆ 0.8ರ ಇಳಿಜಾರು, ಕಣ್ಣಿಗೆ ಕಾಣುವಂಥದ್ದಲ್ಲ. ಇಳಿಜಾರಿನಲ್ಲೇ ನಿಂತು ಸೊನ್ನೆ ಮಾಡಿದರೆ ಡಬ್ಬಿ ಅದನ್ನೇ ಸಮತಲ ಎಂದು ಒಪ್ಪಿಕೊಳ್ಳುತ್ತದೆ. ಆಮೇಲೆ ಭೂಮಿ ಎಳೆದುಕೊಟ್ಟದ್ದೂ ಇಂಜಿನ್ನಿನ ಖಾತೆಗೇ ಜಮೆಯಾಗುತ್ತದೆ. ಮೊದಲ ದಿನ ಇಳಿದಿದ್ದೆ, ಎರಡನೆಯ ದಿನ ಏರಿದ್ದೆ. ಗಂಟೆಗೆ 95 ಕಿಲೋಮೀಟರ್ ವೇಗದಲ್ಲಿ ಇವೆರಡರ ನಡುವಿನ ವ್ಯತ್ಯಾಸ ಏಳು ಕುದುರೆಗೂ ಹೆಚ್ಚು. ಬಿಸಿಲಿಗೆ ಗಾಳಿ ತೆಳುವಾಗಿ ಇಂಜಿನ್ ನಿಜವಾಗಿಯೂ ಕಳೆದುಕೊಂಡಿದ್ದು ಇನ್ನೊಂದು ಮೂರು. ಕೂಡಿ ನೋಡಿ, ಹತ್ತೊಂಬತ್ತೋ ಇಪ್ಪತ್ತೋ ಆಗುತ್ತದೆ. ಇದರಲ್ಲಿ ಒಂದಾದರೂ ಸ್ಪಾರ್ಕ್ ಪ್ಲಗ್ಗಿನಲ್ಲಿ ಇತ್ತೇ?

ಎಲ್ಲಕ್ಕಿಂತ ಕೆಟ್ಟ ತಪ್ಪು ಎರಡೂ ದಿನ ಒಂದೇ ರೀತಿ ನಡೆದಿತ್ತು, ಹಾಗಾಗಿಯೇ ಕಾಣಿಸಿರಲಿಲ್ಲ. ಪೆಡಲ್ ತುಳಿದಾಗ ಕಾರಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ. ಅದರೊಂದಿಗೆ ಡಬ್ಬಿಯೂ ಹಿಂದಕ್ಕೆ ವಾಲುತ್ತದೆ. ವಾಲಿದ ಆಕ್ಸಿಲರೋಮೀಟರ್ ಗುರುತ್ವದ ಒಂದು ಚೂರನ್ನು ನೂಕುಬಲವೆಂದೇ ಎಣಿಸುತ್ತದೆ. ಎರಡನ್ನೂ ಒಳಗೆ ಕುಳಿತು ಬೇರ್ಪಡಿಸಲು ಸಾಧ್ಯವಿಲ್ಲ ಎಂಬುದು ಐನ್‌ಸ್ಟೈನ್ 1907ರಲ್ಲೇ ಕಂಡುಕೊಂಡ ವಿಷಯ. ಅದನ್ನು ಮೀರುವ ತಾಕತ್ತು ನನ್ನ ಡಬ್ಬಿಗೆ ಎಲ್ಲಿಂದ ಬರಬೇಕು? ಒಂದು ಡಿಗ್ರಿ ವಾಲಿದರೆ ಸೇರುವ ಸುಳ್ಳು ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 0.17 ಮೀಟರ್. 1310 ಕಿಲೋ ಕಾರಿಗೆ ಆ 95ರ ವೇಗದಲ್ಲಿ ಅದು ಎಂಟು ಕುದುರೆ. ಒಂದು ಡಿಗ್ರಿಗೆ ಎಂಟು! ಮೆತ್ತನೆಯ ಸಸ್ಪೆನ್ಷನ್ ಇರುವ ಕಾರು, ಉದ್ದ ಕತ್ತಿನ ಸ್ಟ್ಯಾಂಡ್ ಇದ್ದರೆ ಇನ್ನೂ ಹೆಚ್ಚು.

ಇದನ್ನು ಪತ್ತೆ ಮಾಡುವುದು ಸುಲಭ. ಓಟದ ಕೊನೆಯಲ್ಲಿ ಡಬ್ಬಿ ತೋರಿಸುವ ವೇಗವನ್ನು ಜಿಪಿಎಸ್ ವೇಗದೊಂದಿಗೆ ಹೋಲಿಸಿ. ಕಾರಿನ ಸ್ಪೀಡೋಮೀಟರ್ ಜೊತೆ ಬೇಡ, ಅದು ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ನನ್ನ ಡಬ್ಬಿ 108 ಎಂದಾಗ ಜಿಪಿಎಸ್ 101 ಎಂದಿತು. ಸುಮಾರು ಹತ್ತು ಸೆಕೆಂಡಿನ ಓಟದಲ್ಲಿ ಏಳು ಕಿಲೋಮೀಟರ್ ಜಾಸ್ತಿಯೆಂದರೆ ಡಬ್ಬಿ ಉದ್ದಕ್ಕೂ ಒಂದು ಡಿಗ್ರಿಗಿಂತ ತುಸು ಹೆಚ್ಚೇ ವಾಲಿತ್ತು ಎಂದು ಅರ್ಥ. ಬಲವೂ ಉಬ್ಬಿತು, ವೇಗವೂ ಉಬ್ಬಿತು, ಎರಡು ಉಬ್ಬುಗಳ ಗುಣಾಕಾರವನ್ನು ನಾನು ಪುಸ್ತಕದಲ್ಲಿ ಬರೆದಿಟ್ಟೆ. ಹಾಗಿದ್ದರೂ ಮೊದಲ ಅಂಕಿ ನಂಬುವಂತಿದ್ದದ್ದು ಹೇಗೆ? ಗಾಳಿಯ ತಡೆಯಿಂದ. ಆ ವೇಗದಲ್ಲಿ ಗಾಳಿಯನ್ನು ಸೀಳಲೆಂದೇ ಸುಮಾರು ಹತ್ತು ಕುದುರೆ ಬೇಕು, ಕಾರನ್ನು ಮುಂದಕ್ಕೆ ನೂಕದ ಈ ಶಕ್ತಿ ಡಬ್ಬಿಗೆ ಕಾಣುವುದೇ ಇಲ್ಲ. ಆಕಾರದ ವಿವರಗಳನ್ನು ಕೇಳಿ ಇದನ್ನು ಸರಿಪಡಿಸುವ ಸಾಧನಗಳೂ ಇವೆ, ನನ್ನದು ಕೇಳಿರಲಿಲ್ಲ. ಒಂದು ಕಡೆ ಗಾಳಿ ಕದ್ದದ್ದನ್ನು ಇನ್ನೊಂದು ಕಡೆ ವಾಲುವಿಕೆ ತುಂಬಿಕೊಟ್ಟು ಲೆಕ್ಕ ಸರಿಯಾದಂತೆ ಕಂಡಿತು.

ಅಳೆಯಲೇಬೇಕು ಎನ್ನುವವರು ರಸ್ತೆಯ ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆದುಕೊಳ್ಳಿ. ಪ್ರತಿ ಸಲವೂ ಅದೇ ಗೇರ್, ಅಷ್ಟೇ ಪೆಟ್ರೋಲ್, ಅದೇ ಹೊತ್ತು ಇರಲಿ. ಗೇರ್ ಬದಲಾದರೆ ಅಂಕಿಯೂ ಬದಲಾಗುತ್ತದೆ, ಏಕೆಂದರೆ ಕೆಳಗಿನ ಗೇರಿನಲ್ಲಿ ಫ್ಲೈವೀಲ್ (ಇಂಜಿನ್ನಿಗೆ ಜೋಡಿಸಿದ ಭಾರದ ಚಕ್ರ) ಮೊದಲಾದವುಗಳನ್ನು ತಿರುಗಿಸಲೆಂದೇ ಹೆಚ್ಚು ಶಕ್ತಿ ಹೋಗುತ್ತದೆ. ಬಿಸಿಲಿನಲ್ಲಿ ಕಾದ ಸೆನ್ಸರಿನ ಸೊನ್ನೆಯೂ ಜಾರುತ್ತದೆ, ಆದ್ದರಿಂದ ಓಟಕ್ಕೆ ಮುಂಚೆ ಪ್ರತಿ ಸಲ ಮತ್ತೆ ಸೊನ್ನೆ ಮಾಡಿ. ಇಷ್ಟೆಲ್ಲ ಮಾಡಿದರೂ ನಾಲ್ಕೈದು ಕುದುರೆಗಳ ವ್ಯತ್ಯಾಸಕ್ಕೆ ನಾನಂತೂ ಬೆಲೆ ಕೊಡುವುದಿಲ್ಲ. ಏರ್ ಫಿಲ್ಟರ್ ಹಾಕಿಸಿದ್ದಕ್ಕೆ ಆರು ಕುದುರೆ ಹೆಚ್ಚಾಯಿತು ಎಂದು ಯಾರಾದರೂ ಇದರ ಪರದೆ ತೋರಿಸಿದರೆ ಪೆಟ್ರೋಲ್ ಎಷ್ಟಿತ್ತು ಎಂದು ಕೇಳಿ. ಡೈನೋ ಕೂಡ ದೇವರ ವಾಕ್ಯವಲ್ಲ. ಯಂತ್ರದಿಂದ ಯಂತ್ರಕ್ಕೆ, ಟೈರಿನ ಗಾಳಿಯಿಂದ, ಕಾರನ್ನು ಬಿಗಿದ ಪಟ್ಟಿಯಿಂದ ಅಂಕಿ ಆಚೀಚೆ ಆಗುತ್ತದೆ. ಆದರೆ ಒಂದೇ ದಿನ ಒಂದೇ ಡೈನೋ ಮೇಲೆ ಮೊದಲು ಮತ್ತು ನಂತರ ಅಳೆದರೆ ಅದನ್ನು ನಂಬಬಹುದು.

ಹೇಳದೆ ಬಿಡಬಾರದ ಇನ್ನೊಂದು ಘಟನೆ. ನಾಲ್ಕನೆಯದೋ ಐದನೆಯದೋ ಓಟದಲ್ಲಿ ಡಬ್ಬಿಯನ್ನು ಗಾಜಿಗೆ ಅಂಟಿಸಿದ್ದ, ಬಿಸಿಲಿಗೆ ಮೆತ್ತಗಾಗಿದ್ದ ರಬ್ಬರ್ ಬಟ್ಟಲು ಗಾಜು ಬಿಟ್ಟಿತು. ಡಬ್ಬಿ ನನ್ನ ಕಾಲಬುಡಕ್ಕೆ ಉರುಳಿ ಬ್ರೇಕ್ ಪೆಡಲಿನ ಹಿಂದೆ ಸಿಕ್ಕಿಕೊಂಡಿತು. ಆಗ ವೇಗ ನೂರರ ಹತ್ತಿರ. ಪೆಡಲ್ ಅರ್ಧಕ್ಕೆ ನಿಂತುಬಿಟ್ಟಿತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದು ನಿಲ್ಲಿಸುವಷ್ಟರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎದುರಿಗೆ ವಾಹನ ಬಂದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಈ ಕೆಲಸ ಮಾಡಿದ್ದೇ ಅಪರಾಧ. ಮುಚ್ಚಿದ ಟ್ರ್ಯಾಕ್ ಸಿಗದಿದ್ದರೆ ಅಳೆಯುವ ಆಸೆಯನ್ನೇ ಬಿಡಿ. ಟ್ರ್ಯಾಕ್ ಸಿಕ್ಕರೂ ಡಬ್ಬಿಯನ್ನು ಸ್ಕ್ರೂ ಹಾಕಿ ಬಿಗಿಯಿರಿ.

ಹಳೆಯ ಕನ್ವರ್ಟರ್ ಮತ್ತು ಸೆನ್ಸರ್ ಈಗ ನನ್ನ ಮನೆಯ ಅಟ್ಟದ ಮೇಲಿವೆ. ಡಬ್ಬಿಯೂ ಅವುಗಳ ಜೊತೆಗೇ ಇದೆ. ಗೆಳೆಯ ಮಾತ್ರ ಎಲ್ಲಿ ಹೋದರೂ ನನ್ನ ಲೆಕ್ಕದ ಕಾಗದದಲ್ಲಿ ತನ್ನ ಪಾಲಿಗೆ ಬಂದದ್ದನ್ನು ಹೇಳಿಕೊಂಡು ತಿರುಗುತ್ತಿದ್ದಾನೆ: “ನಾನು ಒಂದೇ ಮಧ್ಯಾಹ್ನದಲ್ಲಿ, ಕೂತಲ್ಲಿಯೇ, ಐದು ಕುದುರೆ ನುಂಗಿದವನು.”